ಆಲೆಮನೆ ಬಾಕಿ ಮತ್ತು ಅಕ್ಕನ ಸರ

ಕಬ್ಬು ಅರೆದು ಬೆಲ್ಲ ಮಾಡುವ ನಮ್ಮ ಆಲೆಮನೆಯ ಲೆಕ್ಕ ಇದ್ದದ್ದು ಗೋಡೆ ಕ್ಯಾಲೆಂಡರಿನ ಹಿಂಬದಿಯಲ್ಲಿ. ಭಾವ ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. ತಾರೀಖು, ಎಷ್ಟು ಕ್ವಿಂಟಾಲ್, ಅಚ್ಚು ಬೆಲ್ಲವೋ ಬಕೆಟ್ ಬೆಲ್ಲವೋ, ಬಾಕಿ ಎಷ್ಟು. ದುಡ್ಡು ಬಂದರೆ ಅದರ ಮೇಲೆ ಅಡ್ಡ ಗೆರೆ. 2022ರ ಕ್ಯಾಲೆಂಡರ್ ಹಳೆಯದಾಯಿತು ಅಂತ ಅಕ್ಕ ಅದನ್ನು ಹರಿದು ಅಡುಗೆಮನೆ ಡಬ್ಬಿಗಳ ಕೆಳಗೆ ಹಾಸೋಕೆ ಹೊರಟಿದ್ದಳು. ನಾನು ಓಡಿಹೋಗಿ ಕಿತ್ತುಕೊಂಡೆ. ಆ ಹಾಳೆಗಳಲ್ಲಿ ಗೆರೆ ಬೀಳದ ಬಾಕಿ 4,12,000 ರೂಪಾಯಿ ಇತ್ತು. ಎಲ್ಲ ಒಬ್ಬನೇ ವ್ಯಾಪಾರಿಯದ್ದು.

ನಮ್ಮೂರು ಮಂಡ್ಯದಿಂದ ಪಾಂಡವಪುರದ ಕಡೆ ಹೋಗುವ ದಾರಿಯಲ್ಲಿ, ಸ್ವಲ್ಪ ಒಳಗೆ. ವಿಶ್ವೇಶ್ವರಯ್ಯ ನಾಲೆಯ ನೀರು, ಕಬ್ಬು, ಬತ್ತ. ಭಾವನ ಜಮೀನಿನ ಮೂಲೆಯಲ್ಲಿ ಅವರ ತಂದೆ ಕಾಲದ ಆಲೆಮನೆ ಪಾಳು ಬಿದ್ದಿತ್ತು. 2019ರಲ್ಲಿ ಅದನ್ನು ಮತ್ತೆ ಎಬ್ಬಿಸಿದೆವು. ಜಾಗ ಭಾವನದು. ಓಡಾಟ, ಮಾರಾಟ ನನ್ನದು. ಗಾಣ ರಿಪೇರಿಗೆ, ಹೊಸ ಕೊಪ್ಪರಿಗೆಗೆ ದುಡ್ಡು ಸಾಲದೇ ಹೋದಾಗ ಅಕ್ಕ ತನ್ನ ಎರಡೆಳೆ ಸರ, ನಾಲ್ಕು ಬಳೆ ತೆಗೆದುಕೊಟ್ಟಳು. ಸೊಸೈಟಿಯಲ್ಲಿ ಅಡ ಇಟ್ಟೆವು. ಮೂರು ವರ್ಷ ಆದರೂ ಬಿಡಿಸಿರಲಿಲ್ಲ. ಪ್ರತಿವರ್ಷ ಬಡ್ಡಿ ಕಟ್ಟಿ ನವೀಕರಣ ಮಾಡಿಸೋದು, ಅಷ್ಟೇ.

ಆಲೆಮನೆ ಕಷ್ಟ ಗೊತ್ತಿಲ್ಲದವರಿಗೆ ಒಂದು ಮಾತು. ಒಂದು ಟನ್ ಕಬ್ಬು ಅರೆದರೆ ಹೆಚ್ಚುಕಡಿಮೆ ಒಂದು ಕ್ವಿಂಟಾಲ್ ಬೆಲ್ಲ. ಕಬ್ಬು ಕೊಟ್ಟ ರೈತ ಕಾಯೋದಿಲ್ಲ. ಒಲೆಗೆ ರಚ್ಚು, ಅಂದ್ರೆ ಅರೆದ ಕಬ್ಬಿನ ಒಣ ಸಿಪ್ಪೆ, ತಳ್ಳುವವನು, ಪಾಕ ನೋಡುವವನು ವಾರದ ಸಂತೆಗೆ ಕೂಲಿ ಕೇಳ್ತಾರೆ. ನಮ್ಮ ಕೈಯಿಂದ ಹೋಗೋದು ನಗದು, ಬರೋದು ಮಾತ್ರ ಕಡ. 4,12,000 ಅಂದ್ರೆ ಸುಮಾರು ನೂರು ಟನ್ ಕಬ್ಬು ಅರೆದ ದುಡ್ಡು.

ಎಪಿಎಂಸಿಗೆ ಹಾಕಬಹುದಿತ್ತಲ್ಲ ಅಂತೀರಾ? ಹಾಕುತ್ತಿದ್ದೆವು. ಆದರೆ ಈ ವ್ಯಾಪಾರಿ ತನ್ನದೇ ಲಾರಿ ತಂದು ಆಲೆಮನೆ ಬಾಗಿಲಲ್ಲೇ ತುಂಬಿಕೊಂಡು ಹೋಗುತ್ತಿದ್ದ. ಕ್ವಿಂಟಾಲಿಗೆ ನೂರು ರೂಪಾಯಿ ಜಾಸ್ತಿ. ಸಾಗಾಣಿಕೆ ಖರ್ಚಿಲ್ಲ, ಕಮಿಷನ್ ಗಲಾಟೆ ಇಲ್ಲ. ಮೊದಲೆರಡು ವರ್ಷ ಸರಿಯಾಗೇ ಕೊಟ್ಟ. 2022ರ ದೀಪಾವಳಿಯಿಂದ 2023ರ ಸಂಕ್ರಾಂತಿವರೆಗೆ ನಾಲ್ಕು ಲೋಡ್ ಹೋಯಿತು. ಪ್ರತಿಸಲ ಅರ್ಧ ಕೊಡುವುದು, ಉಳಿದದ್ದು ಮುಂದಿನ ಲೋಡಿಗೆ ಅನ್ನುವುದು. ಮೂರನೇ ಲೋಡಿಗೆ ಒಂದು ಚೆಕ್ ಕೂಡ ಕೊಟ್ಟಿದ್ದ. ಸಹಿ ಇತ್ತು, ತಾರೀಖು ಇರಲಿಲ್ಲ. "ಭದ್ರವಾಗಿ ಇಟ್ಕೊಳಿ, ಬ್ಯಾಂಕಿಗೆ ಹಾಕ್ಬೇಡಿ" ಅಂದಿದ್ದ. ನಾವೂ ದೇವರ ಫೋಟೋ ಹಿಂದೆ ಭದ್ರವಾಗೇ ಇಟ್ಟಿದ್ದೆವು.

ಮಾರ್ಚ್ ಬಂತು, ಏಪ್ರಿಲ್ ಬಂತು. ಫೋನ್ ಎತ್ತುತ್ತಿದ್ದ. ಅದೇ ಒಂದು ಸಮಾಧಾನ. "ಈ ತಿಂಗಳು ಕಷ್ಟ, ಮುಂದಿನ ತಿಂಗಳು ನೋಡೋಣ" ಅಂತಿದ್ದ. ಒಂದು ಸಲ ಇಪ್ಪತ್ತು ಸಾವಿರ ಹಾಕಿದ. ಅದನ್ನು ಕಳೆದ ಮೇಲೆ ಉಳಿದದ್ದೇ ಈ 4,12,000.

ಭಾವನ ಹತ್ತಿರ ಒಂದು ಉಪಾಯ ಇತ್ತು. "ಈ ಸಲ ಅವನ ಲಾರಿ ಈ ಕಡೆ ಬರ್ಲಿ. ಕೀ ಕಿತ್ಕಂಡು ತೆಂಗಿನ ಮರಕ್ಕೆ ಸರಪಳಿ ಹಾಕ್ಬುಡನ. ದುಡ್ಡು ತತ್ತಾನೆ." ನನ್ನ ಹತ್ತಿರವೂ ಒಂದಿತ್ತು. ಆಲೆಮನೆಯವರ ವಾಟ್ಸಾಪ್ ಗುಂಪಿನಲ್ಲಿ ಅವನ ಫೋಟೋ ಹಾಕಿ, ಇವನು ಮೋಸಗಾರ, ಯಾರೂ ಬೆಲ್ಲ ಕೊಡಬೇಡಿ ಅಂತ ಬರೆಯೋದು. ಬರೆದೂ ಇಟ್ಟಿದ್ದೆ. ಕಳಿಸಿರಲಿಲ್ಲ, ಅಷ್ಟೇ. ಊರ ಯಜಮಾನರಿಗೆ ಹೇಳಿದ್ದಕ್ಕೆ ಅವರು, "ಅವನು ನಮ್ಮೂರೋನೂ ಅಲ್ಲ, ನಮ್ಮ ತಾಲ್ಲೂಕಿನೋನೂ ಅಲ್ಲ. ನಾನು ಕರೆದ್ರೆ ಬಂದಾನಾ?" ಅಂದರು. ಅದೂ ನಿಜವೇ.

ವಕೀಲರ ಮಾತು ಎತ್ತಿದವಳು ಅಕ್ಕ. ಅವಳ ಸ್ತ್ರೀಶಕ್ತಿ ಸಂಘಕ್ಕೆ ಯಾರೋ ಬಂದು ಕಾನೂನು ಅರಿವು ಅಂತ ಒಂದು ಗಂಟೆ ಮಾತಾಡಿ ಹೋಗಿದ್ದರಂತೆ. ಹೆಂಗಸರಾದರೆ ಆದಾಯ ಎಷ್ಟೇ ಇರಲಿ, ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಉಚಿತವಾಗಿ ಸಲಹೆ ಕೊಡ್ತಾರೆ, ಬೇಕಾದರೆ ವಕೀಲರನ್ನೂ ಕೊಡ್ತಾರೆ ಅಂತ ಹೇಳಿದ್ದರಂತೆ. 15100 ಅಂತ ಫೋನ್ ನಂಬರನ್ನೂ ಬರೆದುಕೊಂಡು ಬಂದಿದ್ದಳು. ಭಾವ ನಕ್ಕರು. "ಕೋರ್ಟು ಕಚೇರಿ ಹತ್ತಿದೋರು ಯಾರು ಉದ್ಧಾರ ಆಗವ್ರೆ? ಗೆದ್ದೋನು ಸೋತ, ಸೋತೋನು ಸತ್ತ." ಅಕ್ಕ, "ಕೇಸ್ ಹಾಕು ಅಂದ್ನಾ? ಕೇಳ್ಕಂಬರನ ಅಂದೆ. ಅಡ ಇರೋದು ನನ್ ಸರ, ನಾನು ಕೇಳ್ಬಾರ್ದಾ?" ಅಂದಳು. ಭಾವನ ಹತ್ತಿರ ಇದಕ್ಕೆ ಉತ್ತರ ಇರಲಿಲ್ಲ.

2023ರ ಜೂನ್. ಮೂವರೂ ಮಂಡ್ಯದ ಕೋರ್ಟ್ ಆವರಣಕ್ಕೆ ಹೋದೆವು. ನಾನು ಮಂಡ್ಯಕ್ಕೆ ವಾರಕ್ಕೆ ಎರಡು ಸಲ ಹೋಗ್ತೀನಿ. ಆ ಗೇಟಿನೊಳಗೆ ಕಾಲಿಟ್ಟಿದ್ದು ಅದೇ ಮೊದಲು. ಯಾರಾದರೂ ನಮ್ಮೂರವರು ನೋಡಿಬಿಟ್ಟರೆ ಅಂತ ಮುಖ ತಗ್ಗಿಸಿಕೊಂಡೇ ನಡೆದೆ. ಏನೋ ಕಳ್ಳತನ ಮಾಡಿದವನ ಹಾಗೆ. ಪ್ರಾಧಿಕಾರದ ಕಚೇರಿಯಲ್ಲಿ ಅಕ್ಕನ ಹೆಸರು, ವಿಷಯ ಬರೆಸಿಕೊಂಡರು. ಸ್ವಲ್ಪ ಹೊತ್ತಿಗೆ ಒಬ್ಬ ವಕೀಲರು ಬಂದು ಕೂತರು. ನಲವತ್ತರ ಆಸುಪಾಸಿನ ಹೆಣ್ಣುಮಗಳು, ಮಾತು ಕೇಳಿದರೆ ನಮ್ಮ ಕಡೆಯವರೇ. ಭಾವ ಕ್ಯಾಲೆಂಡರ್ ಹಾಳೆಗಳನ್ನು ಮೇಜಿನ ಮೇಲೆ ಹರಡಿ, ಆ ವ್ಯಾಪಾರಿಯ ಜಾತಕವನ್ನೆಲ್ಲ ಹೇಳಿ ಮುಗಿಸಿದರು. ಅವರು ಪೂರ್ತಿ ಕೇಳಿದರು. ಆಮೇಲೆ ಒಂದೇ ಪ್ರಶ್ನೆ.

"ಬೆಲ್ಲ ಮಾರಿದ್ದು ಯಾರು?"

"ನಾವೇ ಮೇಡಂ."

"ನಾವು ಅಂದ್ರೆ?"

ಭಾವ ನನ್ನ ಮುಖ ನೋಡಿದರು. ನಾನು ಅಕ್ಕನ ಮುಖ ನೋಡಿದೆ.

ಅವನ ಮೇಲೆ ಏನು ಮಾಡಬಹುದು ಅಂತ ಕೇಳೋಕೆ ಹೋದವರು ನಾವು. ಮುಂದಿನ ಮುಕ್ಕಾಲು ಗಂಟೆ ಅವರು ಕೇಳಿದ್ದೆಲ್ಲ ನಮ್ಮ ಬಗ್ಗೆಯೇ. ಲಾಭ ಹೇಗೆ ಹಂಚಿಕೊಳ್ತೀರಿ? ನಷ್ಟ ಆದರೆ ಯಾರ ತಲೆ ಮೇಲೆ? ಬಂಡವಾಳ ಯಾರದು? ಆಲೆಮನೆ ನಿಂತಿರುವ ಜಾಗದ ಪಹಣಿ ಯಾರ ಹೆಸರಲ್ಲಿದೆ? ಕೊನೆಯದಕ್ಕೆ ಭಾವ ತಲೆ ಕೆರೆದುಕೊಂಡರು. ಪಹಣಿ ತೀರಿಕೊಂಡ ಅವರ ತಂದೆಯ ಹೆಸರಲ್ಲೇ ಇದೆ. ಮಕ್ಕಳ ಹೆಸರಿಗೆ ಪೌತಿ ಖಾತೆ ಆಗಿಲ್ಲ. ಭಾವನ ಅಣ್ಣ ಬೆಂಗಳೂರಲ್ಲಿದ್ದಾರೆ. ಅದು ಇವತ್ತಿಗೂ ಆಗಿಲ್ಲ, ಆ ಕಥೆ ಇಲ್ಲಿ ಬೇಡ.

ಮೇಡಂ ಹೇಳಿದ್ದು ಇದು. ಲಾಭ ಹಂಚಿಕೊಂಡು ಒಟ್ಟಿಗೆ ವ್ಯಾಪಾರ ಮಾಡ್ತಿದ್ದೀರಿ, ಅಂದ್ರೆ ನೀವು ಪಾಲುದಾರರು. ಕಾಗದ ಇಲ್ಲದಿದ್ದರೂ ಪಾಲುದಾರರೇ. ಪಾಲುದಾರಿಕೆಯನ್ನು ನೋಂದಣಿ ಮಾಡಿಸಲೇಬೇಕು ಅಂತ ಕಾನೂನು ಹೇಳಲ್ಲ. ಆದರೆ 1932ರ ಪಾಲುದಾರಿಕೆ ಕಾಯ್ದೆಯ 69ನೇ ಕಲಂ ಪ್ರಕಾರ, ನೋಂದಣಿ ಆಗದ ಫರ್ಮು ಹೊರಗಿನವರ ಮೇಲೆ ಒಪ್ಪಂದದ ಬಾಕಿಗೆ ದಾವೆ ಹಾಕೋಕೆ ಬರಲ್ಲ. ದಾವೆ ಹಾಕಿಬಿಟ್ಟು ಆಮೇಲೆ ನೋಂದಣಿ ಮಾಡಿಸ್ತೀನಿ ಅಂದರೂ ನಡೆಯಲ್ಲ. ಹಾಕುವ ದಿನಕ್ಕೆ ಮುಂಚೆ ಆಗಿರಬೇಕು, ಪಾಲುದಾರರ ಹೆಸರು ಆ ರಿಜಿಸ್ಟರಿನಲ್ಲಿ ಇರಬೇಕು. ನೂರು ರೂಪಾಯಿ ಒಳಗಿನ ಸಣ್ಣ ಬಾಕಿಗೆ ಒಂದು ವಿನಾಯಿತಿ ಇದೆಯಂತೆ. 1932ರಲ್ಲಿ ಬರೆದ ನೂರು ರೂಪಾಯಿ. ಈಗ ಅಷ್ಟಕ್ಕೆ ಎರಡು ಕೆಜಿ ಬೆಲ್ಲ ಬಂದರೆ ಹೆಚ್ಚು.

"ಅಂದ್ರೆ ಅವನು ಕೊಡಲ್ಲ ಅಂದ್ರೆ ನಾವು ಕೇಳಂಗೇ ಇಲ್ವಾ?" ಭಾವನ ದನಿ ಏರಿತು.

"ಕೇಳಬಹುದು ಯಜಮಾನ್ರೇ. ಈಗ ಬಂದಿದೀರಲ್ಲ, ಟೈಮ್ ಇದೆ. ಮೊದಲು ಮನೆ ಸರಿ ಮಾಡ್ಕೊಳಿ."

ಟೈಮ್ ಎಷ್ಟಿದೆ ಅಂತಲೂ ಹೇಳಿದರು. ಇಂಥ ಬಾಕಿಗೆ ಮೂರು ವರ್ಷದೊಳಗೆ ದಾವೆ ಹಾಕಬೇಕು. ಅದೂ ಒಟ್ಟು ಮೊತ್ತಕ್ಕೆ ಒಂದೇ ಲೆಕ್ಕ ಅಲ್ಲ. ಯಾವಾಗ ಕೊಡಬೇಕು ಅಂತ ಗಡುವು ಮಾತಾಡಿಲ್ಲದಿದ್ದರೆ ಒಂದೊಂದು ಲೋಡಿಗೂ ಅದು ಹೋದ ದಿನದಿಂದಲೇ ಎಣಿಕೆ. ದೀಪಾವಳಿ ಲೋಡಿನ ಮೂರು ವರ್ಷ ಮೊದಲು ಮುಗಿಯುತ್ತೆ, ಸಂಕ್ರಾಂತಿಯದು ಆಮೇಲೆ. ಅಷ್ಟರೊಳಗೆ ಅವನು ಬಾಕಿ ಇದೆ ಅಂತ ಬರೆದು ಸಹಿ ಹಾಕಿದರೆ, ಸಹಿ ಹಾಕಿದ ದಿನದಿಂದ ಮತ್ತೆ ಹೊಸದಾಗಿ ಮೂರು ವರ್ಷ. "ಫೋನ್ ಎತ್ತುತ್ತಾನೆ ಅಂದ್ರಲ್ಲ, ಎತ್ತೋ ಕಾಲದಲ್ಲೇ ಹೋಗಿ ಸಹಿ ತಗೊಳಿ. ಜಗಳ ಆದ್ಮೇಲೆ ಯಾರೂ ಹಾಕಲ್ಲ" ಅಂದರು.

ನಾವು ಜಗಳ ಆದ ಮೇಲೆ ವಕೀಲರ ಹತ್ತಿರ ಹೋಗಬೇಕು ಅಂದುಕೊಂಡಿದ್ದವರು.

ಚೆಕ್ ನೋಡಿದರು. ತಾರೀಖು ಇಲ್ಲದ್ದಕ್ಕೆ ತುಟಿ ಕಚ್ಚಿದರು. ನೀವೇ ಒಂದು ತಾರೀಖು ಬರೆದು ಬ್ಯಾಂಕಿಗೆ ಹಾಕಿದರೆ ತಗಾದೆ ಅಲ್ಲಿಂದಲೇ ಶುರುವಾಗುತ್ತೆ ಅಂದರು. ಹಾಕೋದೇ ಆದರೆ ದಿನಗಳ ಲೆಕ್ಕ ನೆನಪಿರಲಿ ಅಂತ ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಚೆಕ್ಕಿನ ತಾರೀಖಿನಿಂದ 3 ತಿಂಗಳೊಳಗೆ ಬ್ಯಾಂಕಿಗೆ. ವಾಪಸ್ ಬಂತು ಅಂತ ತಿಳಿದ 30 ದಿನದೊಳಗೆ ನೋಟಿಸ್. ನೋಟಿಸ್ ತಲುಪಿದ ಮೇಲೆ ಅವನಿಗೆ 15 ದಿನ. ಆಗಲೂ ಕೊಡದಿದ್ದರೆ ಒಂದು ತಿಂಗಳೊಳಗೆ ಕೋರ್ಟಿನಲ್ಲಿ ದೂರು. ನಮ್ಮ ಪಕ್ಕದೂರಿನ ಕೋಳಿ ಫಾರಂನವನೊಬ್ಬ ಬೌನ್ಸ್ ಆದ ಚೆಕ್ಕನ್ನು ಎಂಟು ತಿಂಗಳು ಜೇಬಲ್ಲಿ ಇಟ್ಟುಕೊಂಡು ಎಲ್ಲರಿಗೂ ತೋರಿಸಿಕೊಂಡು ತಿರುಗಿದ್ದು ನನಗೆ ಆಗ ನೆನಪಾಯಿತು. ಪಾಪ, ಅವನಿಗೆ ಯಾರೂ ಈ ಚೀಟಿ ಬರೆದುಕೊಟ್ಟಿರಲಿಲ್ಲ.

ಕ್ಯಾಲೆಂಡರ್ ಬಗ್ಗೆ ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. "ಇದನ್ನ ಬಿಸಾಕಬೇಡಿ. ಆದ್ರೆ ನೀವು ಬರೆದುಕೊಂಡ ಲೆಕ್ಕ ಒಂದೇ ತೋರಿಸಿ ಇನ್ನೊಬ್ಬರ ಮೇಲೆ ಸಾಲ ಹೊರಿಸೋಕೆ ಆಗಲ್ಲ. ಜೊತೆಗೆ ಬೇರೆ ಏನಿದೆ?" ಅಂದರು. ವೇಬ್ರಿಡ್ಜಿನ ತೂಕದ ಚೀಟಿ ಇತ್ತು. ನಾಲ್ಕರಲ್ಲಿ ಎರಡು ಆಗಲೇ ಮಾಸಿ ಬೆಳ್ಳಗಾಗಿದ್ದವು. ಆ ಕಾಗದವೇ ಹಾಗೆ, ಬಿಸಿಗೆ ಅಕ್ಷರ ಹಾರಿಹೋಗುತ್ತೆ. ಆಲೆಮನೆ ಒಲೆ ಮೇಲಿನ ಗೂಡಿನಲ್ಲಿ ಇಟ್ಟರೆ ಇನ್ನೇನಾಗುತ್ತೆ? ಉಳಿದ ಎರಡನ್ನು ಅಲ್ಲೇ ಹೊರಗೆ ಹೋಗಿ ಜೆರಾಕ್ಸ್ ಮಾಡಿಸಿದೆ. ವ್ಯಾಪಾರಿಯ ವಾಟ್ಸಾಪ್ ಮಾತುಗಳು ಭಾವನ ಫೋನಿನಲ್ಲಿದ್ದವು. ಗ್ಲಾಸ್ ಒಡೆದ ಫೋನು. ಗೌರಿಹಬ್ಬಕ್ಕೆ ಎಕ್ಸ್‌ಚೇಂಜ್‌ಗೆ ಕೊಡೋದು ಅಂತ ತೀರ್ಮಾನ ಆಗಿತ್ತು. "ಆ ಫೋನ್ ಕೊಡಬೇಡಿ. ಕೋರ್ಟಿಗೆ ಹೋಗೋ ಹಾಗಾದ್ರೆ ಅದರ ಪ್ರತಿ ಜೊತೆ ಒಂದು ಪ್ರಮಾಣಪತ್ರ ಕೊಡಬೇಕಾಗುತ್ತೆ. ಫೋನ್ ಇದ್ರೆ ಒಳ್ಳೇದು" ಅಂದರು. ಭಾವನಿಗೆ ಇಡೀ ದಿನದಲ್ಲಿ ಬೇಜಾರಾದ ಮೊದಲ ವಿಷಯ ಅದು.

ಲಾರಿ ಕೀ ಉಪಾಯವನ್ನೂ ಭಾವ ಮುಚ್ಚಿಡದೆ ಹೇಳಿದರು. ಮೇಡಂ ಪೆನ್ನು ಕೆಳಗಿಟ್ಟರು. "ಲಾರಿ ಹಿಡಿದಿಟ್ರೆ ಅವತ್ತು ಸಂಜೆ ಅವನೇ ಸ್ಟೇಷನ್ನಿಗೆ ಹೋಗ್ತಾನೆ. ದುಡ್ಡು ಕೊಡಬೇಕಾದವನು ದೂರು ಕೊಟ್ಟವನಾಗ್ತಾನೆ, ದುಡ್ಡು ಬರಬೇಕಾದವರು ನೀವು ಆರೋಪಿ. ಬೇಕಾ?" ನಾನು ಮೇಜಿನ ಕೆಳಗೇ ಫೋನ್ ತೆಗೆದು ಆ ವಾಟ್ಸಾಪ್ ಬರಹ ಅಳಿಸಿದೆ.

ಇನ್ನೊಂದು ಪ್ರಶ್ನೆ ನನಗೆ ಹೊಳೆಯುತ್ತಲೇ ಇರಲಿಲ್ಲ. "ಉದ್ಯಮ್ ನೋಂದಣಿ ಮಾಡಿಸಿದೀರಾ?" ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ನೋಂದಣಿ ಅದು. ಆಲೆಮನೆಗೂ ಇದೆ ಅಂತಲೇ ಗೊತ್ತಿರಲಿಲ್ಲ. ಬೆಲ್ಲ ಮಾಡೋದೂ ತಯಾರಿಕೆಯೇ. ನೋಂದಣಿ ಇದ್ದ ಸಣ್ಣ ಘಟಕಕ್ಕೆ ಕೊಂಡವರು ಏನೇ ಮಾತಾಡಿಕೊಂಡಿದ್ದರೂ 45 ದಿನದೊಳಗೆ ದುಡ್ಡು ಕೊಡಬೇಕು. ತಡ ಆದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಇದು ಸಣ್ಣ ಉದ್ದಿಮೆಗಳ 2006ರ ಕಾಯ್ದೆ. ಆದರೆ ನೋಂದಣಿಗೆ ಮುಂಚೆ ಹೋದ ಸರಕಿಗೆ ಇದು ಸಿಗಲ್ಲ ಅಂದರು. ನಮ್ಮ ನಾಲ್ಕು ಲೋಡಿಗೆ ಆ ಬಾಗಿಲು ಮುಚ್ಚಿತ್ತು. ಆಮೇಲೆ ಮಾಡಿಸಿದೆವು. ಸರ್ಕಾರಕ್ಕೆ ಒಂದು ಪೈಸೆ ಕಟ್ಟಬೇಕಿಲ್ಲ. ಆದರೂ ಒಂದು ಸೈಬರ್ ಸೆಂಟರಿನವನು 1,500 ಕೇಳಿದ. ಪಕ್ಕದವನು ಇನ್ನೂರಕ್ಕೆ ಮಾಡಿಕೊಟ್ಟ.

ವಾಪಸ್ ಬರುವಾಗ ಬಸ್ಸಿನಲ್ಲಿ ಭಾವ ಒಂದು ಮಾತೂ ಆಡಲಿಲ್ಲ. ವ್ಯಾಪಾರಿ ಮೇಲಿನ ಸಿಟ್ಟು ಅಂದುಕೊಂಡೆ. ಅದಲ್ಲ. ಮೇಡಂ ಕೊನೆಗೆ, ಪಾಲುದಾರಿಕೆ ಪತ್ರ ಬರೆಸಿ, ಅದರಲ್ಲಿ ಅಕ್ಕನ ಹೆಸರೂ ಹಾಕಿ, ಬಂಡವಾಳ ಅವರದು ಅಂದಿದ್ದರು. ಅದು ಚುಚ್ಚಿತ್ತು. ರಾತ್ರಿ ಊಟದ ತಟ್ಟೆ ಮುಂದೆ ಹೊರಗೆ ಬಂತು.

"ನಾಲ್ಕು ವರ್ಷ ಒಂದು ಚೀಟಿ ಇಲ್ದೆ ನಡ್ಸಿಲ್ವಾ? ಈಗ ಬರ್ಕೊಡು ಅಂದ್ರೆ ಏನ್ಲಾ ಅರ್ಥ? ನಿಮ್ಮಕ್ಕನ ಒಡವೆ ನುಂಗ್ಕತೀನಿ ಅಂತಲಾ?"

ನಾನು ಬಾಯಿ ಬಿಡಲಿಲ್ಲ. ಅಕ್ಕನ ಗಂಡನ ಎದುರಿಗೆ ಕೂತು ಪಾಲು, ಪತ್ರ ಅಂತ ಮಾತಾಡೋದು ಎಷ್ಟು ಕಷ್ಟ ಅನ್ನೋದು ಕೂತವರಿಗೇ ಗೊತ್ತು. ಸಾರಿನ ಪಾತ್ರೆ ಹಿಡಿದು ನಿಂತಿದ್ದ ಅಕ್ಕ ಹೇಳಿದಳು. "ಸೊಸೈಟಿನಲ್ಲಿ ಸರ ಇಟ್ಟಾಗ ರಸೀದಿ ಈಸ್ಕಂಡ್ಯಲ್ಲ, ಆ ಸೆಕ್ರೆಟರಿ ನಿನ್ ಸ್ವಂತ ಚಿಕ್ಕಪ್ಪನ ಮಗ. ಅವನ ಮೇಲೆ ನಂಬ್ಕೆ ಇಲ್ದೆ ಈಸ್ಕಂಡ್ಯಾ?" ಭಾವ ಮುದ್ದೆ ಮುರಿಯೋದು ನಿಲ್ಲಿಸಿದರು. ಆಮೇಲೆ ಮತ್ತೆ ಮುರಿದರು. ಎರಡು ದಿನ ನನ್ನ ಹತ್ತಿರ ಸರಿಯಾಗಿ ಮಾತಿಲ್ಲ. ಮೂರನೇ ದಿನ ಬೆಳಿಗ್ಗೆ ಬಂದು, "ಆ ಪತ್ರಕ್ಕೆ ಏನೇನು ಬೇಕಂತೆ?" ಅಂದರು.

ಬೇಕಾದದ್ದಕ್ಕಿಂತ ಆ ಪತ್ರದಿಂದ ಹೊರಬಿದ್ದದ್ದೇ ಜಾಸ್ತಿ. ಪ್ರಾಧಿಕಾರದ ಸಲಹೆ ಉಚಿತವಾಗಿತ್ತು. ಪತ್ರ ಬರೆಯೋಕೆ, ಮುಂದೆ ನೋಟಿಸ್ ಕೊಡೋಕೆ ನಾವೇ ಬೇರೆ ವಕೀಲರನ್ನು ಇಟ್ಟುಕೊಂಡೆವು. ಎಲ್ಲ ಸೇರಿ ಆರು ಸಾವಿರ ತಗೊಂಡರು. ಅವರು ಒಂದೊಂದೇ ಕಲಂ ಓದುತ್ತಾ ಹೋದ ಹಾಗೆ, ನಾಲ್ಕು ವರ್ಷದಿಂದ ನಮ್ಮ ಮೂವರ ತಲೆಯಲ್ಲೂ ಬೇರೆ ಬೇರೆ ಲೆಕ್ಕ ಇತ್ತು ಅನ್ನೋದು ಗೊತ್ತಾಯಿತು. ನಾನು ಲಾಭ ಅರ್ಧ ಅರ್ಧ ಅಂದುಕೊಂಡಿದ್ದೆ. ಭಾವ ಜಾಗದ ಬಾಡಿಗೆ ಕಳೆದು ಅರ್ಧ ಅಂದುಕೊಂಡಿದ್ದರು. ಅಕ್ಕ ತನ್ನದು ಸಾಲವೋ ಬಂಡವಾಳವೋ ಅಂತ ಯಾರನ್ನೂ ಕೇಳಿರಲೇ ಇಲ್ಲ. ಈ ಜಗಳ ಯಾವತ್ತೋ ಒಂದು ದಿನ ಆಗುತ್ತಿತ್ತು. ವಕೀಲರ ಮೇಜಿನ ಮುಂದೆ, ಟೀ ಕುಡಿಯುತ್ತಾ ಆಯಿತು. ಜಾಗಕ್ಕೆ ತಿಂಗಳಿಗೆ ಇಷ್ಟು, ಮಿಕ್ಕಿದ್ದರಲ್ಲಿ ಮೂವರಿಗೂ ಸಮ ಅಂತ ಬರೆದೆವು. 2019ರಿಂದ ಬಾಯಿಮಾತಿನಲ್ಲಿ ನಡೆದುಕೊಂಡು ಬಂದದ್ದು ಅನ್ನೋದನ್ನೂ ಬರೆಸಿದರು. ನೋಂದಣಿಗೆ ಅರ್ಜಿ ಹೋಯಿತು. ಎರಡು ಸಲ ಆಕ್ಷೇಪಣೆ ಬಂದು ವಾಪಸಾಯಿತು. ಒಂದು ಸಲ ನನ್ನ ಆಧಾರಿನಲ್ಲಿ ಇನಿಷಿಯಲ್ ಹಿಂದೆ ಇತ್ತು, ಪತ್ರದಲ್ಲಿ ಮುಂದೆ ಇತ್ತು. ಇನ್ನೊಂದು ಸಲ ಯಾಕೋ ನನಗೆ ಅರ್ಥ ಆಗಲಿಲ್ಲ. ಸೆಪ್ಟೆಂಬರಿಗೆ ಕೈಗೆ ಬಂತು.

ಅದಕ್ಕೂ ಮುಂಚೆ ಜುಲೈನಲ್ಲಿ ನಾನೂ ಭಾವನೂ ವ್ಯಾಪಾರಿಯ ಅಂಗಡಿಗೆ ಹೋಗಿದ್ದೆವು. ಸಹಿಗೆ. ನೇರವಾಗಿ ಕೇಳೋಕೆ ನಾಚಿಕೆ. ಬ್ಯಾಂಕಿನಲ್ಲಿ ಸಾಲ ಕೇಳಿದ್ದೀವಿ, ಬರಬೇಕಾದ ಬಾಕಿ ತೋರಿಸಿ ಅಂದಿದಾರೆ ಅಂತ ಶುರು ಮಾಡಿದೆ. ಪೂರ್ತಿ ಸುಳ್ಳೇನಲ್ಲ. ಮಂಡ್ಯ ಜಿಲ್ಲೆಗೆ ಒಂದು ಜಿಲ್ಲೆ ಒಂದು ಉತ್ಪನ್ನ ಅಂತ ಬೆಲ್ಲವನ್ನೇ ಆರಿಸಿದ್ದರು, ಕೇಂದ್ರದ ಕಿರು ಆಹಾರ ಸಂಸ್ಕರಣೆ ಯೋಜನೆಯಲ್ಲಿ ಶೇ 35ರಷ್ಟು, 10 ಲಕ್ಷದವರೆಗೆ ಸಹಾಯಧನ ಇತ್ತು. ಆ ಅರ್ಜಿ ನನ್ನ ಬ್ಯಾಗಿನಲ್ಲೇ ಇತ್ತು.

ಆತ ಕಾಗದ ಓದಿದ. ಮತ್ತೊಮ್ಮೆ ಓದಿದ. "ಏನಪ್ಪಾ, ಇಷ್ಟು ವರ್ಷ ಆದ್ಮೇಲೆ ಸಹಿ ಕೇಳ್ತಿದೀಯ" ಅಂದ. ಭಾವ ಬೀದಿ ಕಡೆ ನೋಡುತ್ತಾ ಕೂತರು. ಆಮೇಲೆ ಆತ, 4,12,000 ಅಲ್ಲ, ಕೊನೇ ಲೋಡಿನಲ್ಲಿ ಅಷ್ಟು ಅಚ್ಚು ಮೆತ್ತಗಾಗಿ ನೀರು ಬಿಟ್ಟಿತ್ತು, ಅದರಲ್ಲಿ 38,000 ಮುರಿದುಕೊಳ್ತೀನಿ ಅಂದ. ನನಗೆ ರಕ್ತ ಕುದಿಯಿತು. ಆರು ತಿಂಗಳು ಫೋನಿನಲ್ಲಿ ಈ ಮಾತೇ ಇರಲಿಲ್ಲ. ಆದರೆ ಮೇಡಂ ಒಂದು ಮಾತು ಹೇಳಿಕಳಿಸಿದ್ದರು. ಅಲ್ಲಿ ವಾದ ಮಾಡಬೇಡಿ, ಎಷ್ಟಕ್ಕೆ ಒಪ್ಪುತ್ತಾನೋ ಅಷ್ಟಕ್ಕೆ ಸಹಿ ಹಾಕಿಸಿ, ಒಪ್ಪದ್ದನ್ನು ಬೇರೆ ಸಾಲಿನಲ್ಲಿ ಬರೆಯಿರಿ. ಹಾಗೇ ಮಾಡಿದೆ. 3,74,000 ಕೊಡಬೇಕಾದದ್ದು ನಿಜ. 38,000ದ ಬಗ್ಗೆ ಮಾತುಕತೆ ಬಾಕಿ. ಸಹಿ, ತಾರೀಖು, ಅಂಗಡಿ ಸೀಲು. ಸೀಲು ಹಾಕುವಾಗ ಆತ ಕಾಫಿ ತರಿಸಿದ. ಕುಡಿದೆವು. ಕಾಫಿ ಚೆನ್ನಾಗಿತ್ತು.

ಆ ವರ್ಷ ಕೆಆರ್‌ಎಸ್ ತುಂಬಲಿಲ್ಲ. ನಾಲೆಗೆ ನೀರು ಸಾಲದೆ ಕಬ್ಬು ಗದ್ದೆಯಲ್ಲೇ ಒಣಗಿತು. ಸೆಪ್ಟೆಂಬರಿನಲ್ಲಿ ಕಾವೇರಿ ಚಳವಳಿ, ರಸ್ತೆ ತಡೆ. ಆಲೆಮನೆ ವಾರಗಟ್ಟಲೆ ಹೊಗೆ ಕಾಣಲಿಲ್ಲ. ದಸರಾ ಕಳೆಯಿತು, ವ್ಯಾಪಾರಿಯಿಂದ ಒಂದು ರೂಪಾಯಿ ಬರಲಿಲ್ಲ. ನವೆಂಬರಿನಲ್ಲಿ ವಕೀಲರಿಂದ ನೋಟಿಸ್ ಕಳಿಸಿದೆವು. ಉತ್ತರ ಇಲ್ಲ. ಫೋನೂ ನಿಂತಿತು.

ಇನ್ನು ದಾವೆಯೇ ಅಂದುಕೊಂಡರೆ, ವಕೀಲರು ಬೇರೆ ದಾರಿ ಹೇಳಿದರು. ವ್ಯಾಪಾರದ ತಗಾದೆ, ಮೊತ್ತ ಮೂರು ಲಕ್ಷಕ್ಕೆ ಕಡಿಮೆ ಇಲ್ಲ. ಇಂಥದ್ದಕ್ಕೆ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ 12ಎ ಕಲಂ ಪ್ರಕಾರ, ತುರ್ತು ಆದೇಶ ಬೇಕಿಲ್ಲದಿದ್ದರೆ ಮೊದಲು ಮಧ್ಯಸ್ಥಿಕೆಗೆ ಹೋಗಲೇಬೇಕು. ಹೋಗದೆ ಹಾಕಿದ ದಾವೆಯನ್ನು ತಿರಸ್ಕರಿಸಬೇಕು ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅರ್ಜಿ ಕೊಡೋದು ಎಲ್ಲಿ? ಅಕ್ಕ ಮೊದಲು ಹೆಸರು ಬರೆಸಿದ ಅದೇ ಪ್ರಾಧಿಕಾರದ ಕಚೇರಿಯಲ್ಲಿ. ಅರ್ಜಿಗೆ 1,000 ರೂಪಾಯಿ. ಎದುರಿನವರು ಬಂದು ಮಾತುಕತೆ ಶುರುವಾದರೆ, 10 ಲಕ್ಷದವರೆಗಿನ ತಗಾದೆಗೆ 15,000 ಶುಲ್ಕ, ಇಬ್ಬರೂ ಅರ್ಧರ್ಧ. ಮೂರು ತಿಂಗಳೊಳಗೆ ಮುಗಿಸಬೇಕು, ಇಬ್ಬರೂ ಒಪ್ಪಿದರೆ ಇನ್ನೆರಡು ತಿಂಗಳು. ಅಲ್ಲಿ ಕಳೆದ ದಿನಗಳನ್ನು ಆ ಮೂರು ವರ್ಷದ ಎಣಿಕೆಯಲ್ಲಿ ಸೇರಿಸಲ್ಲ. ಮಂಡ್ಯದಲ್ಲೇ ಯಾಕೆ, ಅವನ ಊರಲ್ಲಿ ಯಾಕಲ್ಲ ಅಂತ ಭಾವ ಕೇಳಿದರು. ಬೆಲ್ಲ ತೂಗಿ ಕೊಟ್ಟದ್ದು ನಮ್ಮ ಬಾಗಿಲಲ್ಲಿ, ಅದಕ್ಕೆ. ನೂರು ರೂಪಾಯಿ ಆಸೆಗೆ ಬಾಗಿಲಲ್ಲೇ ಮಾರಿದ್ದು ಅಲ್ಲೊಂದು ಕಡೆ ಕೈ ಹಿಡಿಯಿತು.

2024ರ ಜನವರಿಯಲ್ಲಿ ಅರ್ಜಿ ಕೊಟ್ಟೆವು. ಮೊದಲನೇ ನೋಟಿಸಿಗೆ ಆತ ಬರಲಿಲ್ಲ. ಕೊನೆಯದು ಅಂತ ಇನ್ನೊಂದು ಹೋಯಿತು. ಅದಕ್ಕೂ ಬರದಿದ್ದರೆ ಮಧ್ಯಸ್ಥಿಕೆ ಶುರುವೇ ಆಗಲಿಲ್ಲ ಅಂತ ವರದಿ ಬರೆದುಕೊಡ್ತಾರೆ, ಅದನ್ನು ಹಿಡಿದು ದಾವೆ ಹಾಕಬಹುದು. ಎರಡನೆಯದಕ್ಕೆ ಬಂದ. ಮಗನನ್ನೂ ಕರೆದುಕೊಂಡು.

ಭಾವ ಕಟಕಟೆ, ಕರಿ ಕೋಟು, ದೇವರ ಮೇಲೆ ಆಣೆ ಎಲ್ಲ ಇರುತ್ತೆ ಅಂತ ಇಸ್ತ್ರಿ ಮಾಡಿದ ಪಂಚೆ ಉಟ್ಟು ಬಂದಿದ್ದರು. ಇದ್ದದ್ದು ಒಂದು ಕೋಣೆ, ಮೇಜು, ಫ್ಯಾನು. ಮಧ್ಯಸ್ಥಗಾರರು ಮೊದಲು ಎಲ್ಲರನ್ನೂ ಒಟ್ಟಿಗೆ ಕೂರಿಸಿದರು. ಇಲ್ಲಿ ಆಡಿದ ಮಾತು ಹೊರಗೆ ಹೋಗಲ್ಲ, ಮುಂದೆ ಕೋರ್ಟಿನಲ್ಲೂ ಬಳಸೋ ಹಾಗಿಲ್ಲ ಅಂದರು. ಹಾಗಾಗಿ ಆ ಕೋಣೆಯ ಮಾತು ನಾನೂ ಇಲ್ಲಿ ಜಾಸ್ತಿ ಬರೆಯಲ್ಲ. ಬೇರೆ ಬೇರೆಯಾಗಿ ಕರೆದೂ ಮಾತಾಡಿದರು. ಮೂರು ಸಲ ಸೇರಿದೆವು. ಎರಡನೇ ಸಲ ಕಾರಿಡಾರಿನ ಬೆಂಚಿನಲ್ಲಿ ನಾನೂ ಆತನೂ ಅಕ್ಕಪಕ್ಕ ಕೂರಬೇಕಾಯಿತು. ಆತನಿಗೂ ಹೊರ ರಾಜ್ಯದ ಒಬ್ಬ ದೊಡ್ಡ ಖರೀದಿದಾರ ಕೈ ಎತ್ತಿದ್ದ. ಆತನ ಹತ್ತಿರ ನಮ್ಮ ಕ್ಯಾಲೆಂಡರಿನಷ್ಟೂ ದಾಖಲೆ ಇರಲಿಲ್ಲ. ಅವತ್ತು ನನಗೆ ಆತನ ಮೇಲೆ ಸಿಟ್ಟು ಬರಲಿಲ್ಲ. ದುಡ್ಡು ಬಿಡೋಕೂ ಮನಸ್ಸಾಗಲಿಲ್ಲ.

ಮಾರ್ಚ್ ಕೊನೆಗೆ 3,90,000ಕ್ಕೆ ಮುಗಿಯಿತು. ಮೆತ್ತಗಾದ ಅಚ್ಚಿನ ಬಾಬ್ತು 22,000 ನಾವು ಬಿಟ್ಟೆವು. ಬಡ್ಡಿ ಕೇಳಲಿಲ್ಲ. ಸಹಿ ದಿನ 90,000, ಆಮೇಲೆ ಎರಡು ತಿಂಗಳಿಗೊಮ್ಮೆ 75,000ದಂತೆ ನಾಲ್ಕು ಕಂತು. ದೇವರ ಫೋಟೋ ಹಿಂದಿದ್ದ ಚೆಕ್ ವಾಪಸ್ ಕೊಟ್ಟೆವು. ಆ ಒಪ್ಪಂದಕ್ಕೆ ಊರ ಪಂಚಾಯಿತಿ ತೀರ್ಪಿನಷ್ಟೇ ಅಲ್ಲ, ಆರ್ಬಿಟ್ರೇಷನ್ ಕಾಯ್ದೆಯಡಿ ಕೊಡುವ ತೀರ್ಪಿನ ಬಲ ಇದೆ. ಕಂತು ತಪ್ಪಿದರೆ ಹೊಸ ದಾವೆ ಬೇಕಿಲ್ಲ, ಕೋರ್ಟಿನ ಡಿಕ್ರಿ ಹಾಗೆ ನೇರ ಜಾರಿ ಮಾಡಿಸಬಹುದು. ವಕೀಲರು ಇದನ್ನು ಭಾವನಿಗೆ ಎರಡು ಸಲ ಹೇಳಬೇಕಾಯಿತು.

22,000 ಬಿಟ್ಟದ್ದಕ್ಕೆ ಭಾವ ಈಗಲೂ ಗೊಣಗುತ್ತಾರೆ. ಆ ಲೋಡು ನಿಜವಾಗಿಯೂ ಮೆತ್ತಗಿತ್ತು ಅಂತ ಪಾಕ ನೋಡುವವನು ನನ್ನ ಹತ್ತಿರ ಆಮೇಲೆ ಒಪ್ಪಿಕೊಂಡ. ಅದನ್ನು ಭಾವನಿಗೆ ಹೇಳಿಲ್ಲ.

ಕೊನೇ ಕಂತು ಹನ್ನೊಂದು ದಿನ ತಡವಾಗಿ, 2024ರ ಡಿಸೆಂಬರಿನಲ್ಲಿ ಬಂತು. ಅದೇ ವಾರ ಸೊಸೈಟಿಗೆ ಹೋಗಿ ಅಕ್ಕನ ಸರ ಬಿಡಿಸಿದೆವು. ಬಳೆ ಇನ್ನೂ ಅಲ್ಲೇ ಇವೆ. ಈಗ ಕ್ಯಾಲೆಂಡರಿನ ಬದಲು ನಂಬರ್ ಹಾಕಿದ ಬಿಲ್ ಪುಸ್ತಕ ಇದೆ. ಲೋಡು ಹೊರಡುವ ಮುಂಚೆ ಡ್ರೈವರ್ ಸಹಿ, ತೂಕದ ಚೀಟಿಯ ಜೆರಾಕ್ಸ್. ಸಹಿ ಕೇಳುವ ಕೆಲಸ ಮಾತ್ರ ನಾನೂ ಭಾವನೂ ಮಾಡಲ್ಲ, ಇಬ್ಬರಿಗೂ ಈಗಲೂ ಸಂಕೋಚ. ಅದು ಅಕ್ಕನ ಕೆಲಸ. ಪುಸ್ತಕ, ಪೆನ್ನು ಹಿಡಿದು ಲಾರಿ ಬಾಗಿಲ ಹತ್ತಿರ ಹೋಗಿ ನಿಂತುಕೊಳ್ಳುತ್ತಾಳೆ.